ಕೆಳಗಿನ ಅಕ್ಷರ

"ನೀರ ಬೇಕಂತ. ಕೊಡವ್ವಾ," ಎಂದಳು ದುಂಡವ್ವ, ಬೆಳ್ಳುಳ್ಳಿ ಸುಲಿಯುವ ಕೈ ನಿಲ್ಲಿಸದೆ.

ಭಾಗ್ಯಾ ಎದ್ದಳು, ಆದರೆ ತಕ್ಷಣ ಒಳಗೆ ಹೋಗಲಿಲ್ಲ. ಹೊರಸಿನ ಮೇಲೆ ಮಲಗಿದ್ದ ಮಾವ ಅಪ್ಪಾಸಾಬ ಈಗಷ್ಟೇ ಆಡಿದ ಮಾತು ಉದ್ದವಾಗಿತ್ತು. ನಡುನಡುವೆ ಉಸಿರು ತೆಗೆದುಕೊಂಡು, ಬಲಕ್ಕೆ ಜೋತುಬಿದ್ದ ತುಟಿಯನ್ನು ಎಳೆದೆಳೆದು, ಹಾಡಿನ ನುಡಿ ಮುಗಿಸುವವರ ಹಾಗೆ ಕೊನೆಯಲ್ಲಿ ಒತ್ತು ಕೊಟ್ಟು ಆಡಿದ ಮಾತು. ನೀರು ಕೇಳಲು ಅಷ್ಟು ಉಸಿರು ಬೇಕಿರಲಿಲ್ಲ.

ಆದರೂ ಹೋಗಿ, ಗಂಜಿಯಷ್ಟು ಮಂದ ಮಾಡಿಟ್ಟಿದ್ದ ನೀರನ್ನು ಬಟ್ಟಲಿಗೆ ಸುರಿದು ತಂದಳು. ತೆಳು ನೀರು ಕೊಟ್ಟರೆ ನೆತ್ತಿಗೇರುತ್ತದೆಂದು ನಿಪ್ಪಾಣಿಯ ಡಾಕ್ಟರು ಹೇಳಿದ್ದರು. ಅಪ್ಪಾಸಾಬ ಬಟ್ಟಲನ್ನು ನೋಡಿದ. ಆಮೇಲೆ ಹೆಂಡತಿ ದುಂಡವ್ವನನ್ನು ನೋಡಿದ. ಸ್ವಾಧೀನ ಉಳಿದಿದ್ದ ಎಡಗೈಯಿಂದ ಹೊರಸಿನ ಚೌಕಟ್ಟನ್ನು ದಪದಪ ಬಡಿದ.

"ಸಿಟ್ಟು," ಎಂದಳು ದುಂಡವ್ವ. "ಈ ಬ್ಯಾನಿಗೆ ಸಿಟ್ಟು ಬರೂದಽ ಅಂತ ಡಾಕ್ಟರ ಹೇಳ್ಯಾರಲ್ಲ. ಇಡು ಅಲ್ಲಿ, ಆಮ್ಯಾಲ ಕುಡೀತಾರ."

ಗೋಡೆಯ ಮೇಲಿನ ಟೀವಿಯಲ್ಲಿ ಸದ್ದಿಲ್ಲದೆ ಮರಾಠಿ ಧಾರಾವಾಹಿ ನಡೆದಿತ್ತು. ಒಬ್ಬ ತಾಯಿ ಬಾಗಿಲಲ್ಲಿ ನಿಂತು ಮಗನನ್ನು ಬಯ್ಯುತ್ತಿದ್ದಳು. ಹಲ್ಲು ಕಚ್ಚಿ, ಕಣ್ಣು ಕೆಂಪಗೆ ಮಾಡಿ, ಬಾಯಿ ಉದ್ದಕ್ಕೂ ಆಡುತ್ತಿತ್ತು. ಕೆಳಗಿನ ಇಂಗ್ಲಿಷ್ ಅಕ್ಷರಗಳಲ್ಲಿ ಮಾತ್ರ ಎರಡೇ ಎರಡು ಪದ ಬಂದವು: ನೀನು ಹೋಗು.

ಭಾಗ್ಯಾ ಟೀವಿಯಿಂದ ಕಣ್ಣು ತೆಗೆದು ಮಾವನ ಬಾಯಿಯನ್ನು ನೋಡಿದಳು.

ಅವಳು ಹುಟ್ಟಿ ಬೆಳೆದದ್ದು ಕೊಗನೊಳ್ಳಿಯಲ್ಲಿ, ಹೆದ್ದಾರಿಗೆ ಬೆನ್ನು ಹಚ್ಚಿದ ಮನೆಯಲ್ಲಿ. ಹಗಲು ರಾತ್ರಿ ಲಾರಿಗಳ ಸದ್ದು. ಟೀವಿಯ ಧ್ವನಿ ಎಷ್ಟು ಏರಿಸಿದರೂ ಮಾತಿನ ಅರ್ಧವನ್ನು ಲಾರಿಗಳೇ ತಿಂದುಹಾಕುತ್ತಿದ್ದವು. ಕೆಳಗೆ ಅಕ್ಷರ ಹಾಕಿಕೊಂಡು ನೋಡುವುದು ಅಲ್ಲಿಂದ ಬಂದ ರೂಢಿ. ಮನೆಯ ಮಾತು ಕನ್ನಡ, ಓಣಿಯ ಮಾತು ಮರಾಠಿ, ಕಾಲೇಜಿನಲ್ಲಿ ಕಲಿತ ಅಷ್ಟಿಷ್ಟು ಇಂಗ್ಲಿಷು. ಲಾರಿಗಳ ನಡುವೆ ಒಂದು ಗಳಿಗೆ ಬಿಡುವು ಸಿಕ್ಕಾಗ ಕಿವಿಗೆ ಬಿದ್ದದ್ದೂ ಕಣ್ಣಿಗೆ ಬಿದ್ದದ್ದೂ ತಾಳೆಯಾಗದೆ ಇರುವುದು ಅವಳಿಗೆ ಚಿಕ್ಕಂದಿನಿಂದ ಗೊತ್ತಿತ್ತು. ಶಾಪ ಹಾಕಿದರೆ ಕೆಳಗೆ 'ಬೇಡ' ಎಂದು ಬರುತ್ತಿತ್ತು. ಅಳುತ್ತಾ ದೇವರನ್ನು ಹಳಿದರೆ 'ಓ ದೇವರೇ' ಎಂದಷ್ಟೇ ಬರುತ್ತಿತ್ತು. "ಇವ್ರು ಅಂದದ್ದೊಂದು, ಬರದದ್ದೊಂದು," ಎಂದು ಅವಳು ಗಂಡ ಮಹಾದೇವನಿಗೆ ಹೇಳಿದರೆ, ಅವನು ಮೊಬೈಲಿನ ಆಟದಿಂದ ತಲೆ ಎತ್ತದೆ, "ನನ್ನ ಗೇಮಿನ ಸಬ್‌ಟೈಟಲ್ ಚೊಲೊ ನೋಡು. ವೈರಿ ಯಾವ ಕಡಿಂದ ಹೆಜ್ಜಿ ಹಾಕಾಕತ್ತಾನ ಅಂತ ಸಹಿತ ಬರೀತಾರ. ಸುಳ್ಳ ಬರದ್ರ ನಾವು ಸತ್ತಽ ಹೋಗ್ತೀವಿ," ಎನ್ನುತ್ತಿದ್ದ.

ಮದುವೆಯಾಗಿ ಚಿಕ್ಕೋಡಿಯ ಆಚೆ ಹೊಲಗಳ ನಡುವಿನ ಈ ವಸ್ತಿಗೆ ಬಂದಾಗ ಮಾವನಿಗೆ ಇದು ದೊಡ್ಡ ತಮಾಷೆಯಾಗಿತ್ತು. ಅಪ್ಪಾಸಾಬ ಕುರಿಗಾರ, ಡೊಳ್ಳಿನ ಮೇಳದಲ್ಲಿ ಮುಂದೆ ನಿಂತು ಹಾಡುವವನು. ಅಕ್ಷರ ತಿಳಿಯದು. ಕುರಿಗಾರರ ದೇವರಾದ ಬೀರದೇವರ ಹುಟ್ಟಿನಿಂದ ಮದುವೆಯವರೆಗೆ ನುಡಿ ನುಡಿಯೂ ನಾಲಗೆಯ ಮೇಲಿತ್ತು. "ಏನವ್ವಾ, ಕಿವಿ ಅದಾವ, ಆದ್ರೂ ಮಾತು ಓದ್ತಿಯೇನ? ನಾ ಹಾಡಾಕ ನಿಂತ್ರ ನನ್ನ ಹೊಟ್ಟಿ ಮ್ಯಾಲೂ ಬರೀಬೇಕಾಗ್ತೈತಿ ಹಂಗಾದ್ರ," ಎಂದು ನಕ್ಕಿದ್ದ.

ಈಗ ಆ ನಾಲಗೆ ಬಿದ್ದಿತ್ತು. ಹೋದ ಬೇಸಿಗೆಯಲ್ಲಿ ಕುರಿಗಳನ್ನು ಹೊಡೆದುಕೊಂಡು ಬಂದವನು ಲಕ್ವ ಹೊಡೆದು ಬೇಲಿಯ ಹತ್ತಿರವೇ ಕುಸಿದಿದ್ದ. ಬುದ್ಧಿ ಸರಿಯಾಗಿದೆ, ಎಲ್ಲ ತಿಳಿಯುತ್ತದೆ, ಮಾತು ಹೊರಳಿಸಲು ಆಗುವುದಿಲ್ಲ ಅಷ್ಟೇ ಎಂದಿದ್ದರು ಡಾಕ್ಟರು. ಬಾಯಿಂದ ಬರುವುದು ಎಲ್ಲರಿಗೂ ಒಂದೇ ನರಳಿಕೆಯಂತೆ ಕೇಳುತ್ತಿತ್ತು. ದುಂಡವ್ವನಿಗೆ ಮಾತ್ರ ತಿಳಿಯುತ್ತಿತ್ತು. ಮಗ ಬಂದರೂ, ನೋಡಲು ಬಂದ ಬೀಗರು ಕೂತರೂ, ಎಲ್ಲರೂ ಮೊದಲು ಹೊರಸಿನತ್ತ, ಆಮೇಲೆ ದುಂಡವ್ವನತ್ತ ತಿರುಗುತ್ತಿದ್ದರು. ಅವಳು ಹೇಳಿದ್ದೇ ಅವನ ಮಾತು.

ನೀರು ತಂದಿಟ್ಟ ಆ ಮಧ್ಯಾಹ್ನದಿಂದ ಭಾಗ್ಯಾ ಟೀವಿಯನ್ನು ಹಚ್ಚಿಟ್ಟು ಮಾವನನ್ನು ನೋಡತೊಡಗಿದಳು. ಖಾತ್ರಿಯಾಗಿ ಗೊತ್ತಿರುವ ಮಾತುಗಳಿಂದ ಸುರು ಮಾಡಿದಳು. ಮಗ್ಗುಲು ಹೊರಳಿಸು ಎಂದಾಗ ಸದ್ದು ಹೇಗಿರುತ್ತದೆ, ಬಿಸಿಲು ಬಿತ್ತು ಎಂದಾಗ ಹೇಗೆ. ಹಾಡಿ ಪಳಗಿದ ಗಂಟಲು. ಅಕ್ಷರ ಅಳಿಸಿಹೋಗಿದ್ದರೂ ಏರಿಳಿತ ಉಳಿದಿತ್ತು. ಒಂದೊಂದೇ ಮಾತು ಅವಳಿಗೆ ತಿಳಿಯತೊಡಗಿತು. ತಿಳಿದಷ್ಟೂ ಅಂಜಿಕೆ ಹೆಚ್ಚಾಯಿತು.

ಪಕ್ಕದ ವಸ್ತಿಯ ವಿರುಪಾಕ್ಷಪ್ಪ ನೋಡಲು ಬಂದಿದ್ದ. ಕಬ್ಬಿನ ಹೊಲದವನು, ಹೊಲದಲ್ಲಿ ಕುರಿ ಕೂಡಿಸಿ ಗೊಬ್ಬರ ಮಾಡಿಸಿಕೊಂಡು, ಕೊಡುವಾಗ ಚೌಕಾಶಿ ಮಾಡುವವನು. ಅಪ್ಪಾಸಾಬ ಅವನ ಮುಖ ನೋಡಿ ಒಂದು ಸಣ್ಣ ಮಾತು ಆಡಿದ.

"ಮನ್ಯಾಗ ಎಲ್ಲಾರೂ ಆರಾಮ ಅದಾರೇನ ಅಂತ ಕೇಳಾಕತ್ತಾರ," ಎಂದಳು ದುಂಡವ್ವ.

"ಆರಾಮ, ಅಪ್ಪಾಸಾಬ, ಎಲ್ಲಾ ಆರಾಮ," ಎಂದು ವಿರುಪಾಕ್ಷಪ್ಪ ಕಣ್ಣು ಒರೆಸಿಕೊಂಡ. "ಹಿಂತಾ ಹೊತ್ತಿನ್ಯಾಗೂ ನಮ್ಮನ್ನ ಕೇಳ್ತಾನ ನೋಡ್ರಿ."

ಅಪ್ಪಾಸಾಬ ಅಂದದ್ದು, ಈ ಜಿಪುಣ ಬರಿಗೈಲೇ ಬಂದನೇನು ಎಂದು. ಭಾಗ್ಯಾ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಅತ್ತೆಯ ಕೆಲಸವೂ ಟೀವಿಯಲ್ಲಿ ಅಕ್ಷರ ಬರೆಯುವವರದೇ ಎಂದು ನಗು ಬಂದಿತ್ತು. ಆದರೆ ಒಲೆಯ ಮುಂದೆ ನಿಂತಾಗ ನಗು ಆರಿತು. ಇಷ್ಟು ದಿನ ಮಾವ ಹೇಳಿದ್ದರಲ್ಲಿ ಯಾವುದು ಅವನದು, ಯಾವುದು ಇವಳದು?

ಅದು ತಿಳಿದದ್ದು ದುಂಡವ್ವ ಸಂತೆಗೆ ಹೋದ ದಿನ. ಭಾಗ್ಯಾ ಹೊರಸಿನ ಹತ್ತಿರ ನೆಲದ ಮೇಲೆ ಕೂತು, "ಮಾವಾರ, ನೀರಂತೂ ಅಲ್ಲ. ದಿನಾ ಅದನ್ನಽ ಹೇಳ್ತೀರಿ. ಏನ್ರಿ ಅದು? ಸಾವಕಾಶ ಹೇಳ್ರಿ," ಎಂದಳು.

ಅವನು ಎಡಗೈಯಿಂದ ಅವಳ ಮಣಿಕಟ್ಟು ಹಿಡಿದ. ಆಮೇಲೆ ಒಂದೊಂದನ್ನೇ ಬಿಡಿಸಿ, ಬೆವರುತ್ತಾ, ಹೇಳಿದ. ಬಸವಂತನ್ನ. ಕರಸ್ರಿ.

"ಬಸವಂತ? ನಿಮ್ಮ ತಮ್ಮಾರನ್ನ?"

ಅಪ್ಪಾಸಾಬನ ಕಣ್ಣು ತುಂಬಿ ನೀರು ಕಿವಿಯ ಕಡೆ ಇಳಿಯಿತು. ಇನ್ನೂ ಏನೋ ಹೇಳಲು ಹೋಗಿ ಕೆಮ್ಮು ಬಂತು. ಕೆಮ್ಮಿ ಕೆಮ್ಮಿ ಮುಖ ನೀಲಿಯಾಯಿತು. ಭಾಗ್ಯಾ ಗಾಬರಿಯಾಗಿ ಅವನ ಬೆನ್ನು ತೀಡಿದಳು. ಮುಂದಿನ ಮಾತು ಕೇಳಲಿಲ್ಲ.

ಬಸವಂತನನ್ನು ಅವಳು ಒಮ್ಮೆ ಮಾತ್ರ ನೋಡಿದ್ದಳು, ತನ್ನ ಮದುವೆಯಲ್ಲಿ. ಹಂದರದ ಕೊನೆಯಲ್ಲಿ ನಿಂತು ಅಕ್ಷತೆ ಹಾಕಿ, ಊಟಕ್ಕೆ ಕೂರದೆ ಹೋದವನು. ಅವನ ಮಗಳು ಸುಜಾತಾ ಹೆಣ್ಣುಮಕ್ಕಳ ಗದ್ದಲದಲ್ಲಿ ಇವಳ ನಂಬರು ಬರೆದುಕೊಂಡಿದ್ದಳು. ಹಬ್ಬಕ್ಕೊಮ್ಮೆ ದೀಪದ ಚಿತ್ರ ಕಳಿಸುತ್ತಿದ್ದಳು, ಅಷ್ಟೇ ಸಂಬಂಧ.

ಅಂದು ಸಂಜೆ ಮಹಾದೇವನಿಗೆ ಕೇಳಿದಳು. ಅವನು ಆಟ ನಿಲ್ಲಿಸಿದ. "ಯಾರ ಹೇಳಿದ್ರ ನಿನಗ ಆ ಹೆಸರಾ? ಅಪ್ಪನ ಮುಂದ ತಗೀಬ್ಯಾಡ."

"ಸುಮ್ನ ಕೇಳಿದ್ನಿ."

"ಬೀರದೇವರ ಹೆಸರಿಗೆ ಒಂದ ಟಗರ ಬಿಟ್ಟಿದ್ರು. ದೇವರಿಗೆ ಬಿಟ್ಟದ್ದನ್ನ ಮಾರಂಗಿಲ್ಲ, ಕಡಿಯಂಗಿಲ್ಲ, ಮುಪ್ಪಾಗಿ ತಾನಽ ಸಾಯಬೇಕು. ಅಪ್ಪ ಮಿರಜ ಕಡೆ ಕುರಿ ಮೇಸಾಕ ಹೋದಾಗ ಕಾಕಾ ಅದನ್ನ ಕಡ್ಯಾಕ ಕಟಗರಿಗೆ ಕೊಟ್ಟ. ಯಾಕಂತ ಇವತ್ತಿನ ತನಾ ಬಾಯಿ ಬಿಟ್ಟಿಲ್ಲ. ಅದಽ ವರ್ಷ ನಮ್ಮ ಆಯಿ, ಅಪ್ಪನ ಅವ್ವ, ಸತ್ಲು. ಅಪ್ಪ ಅಂದ, ದೇವರ ಟಗರ ತಂದ ನಿಂದರಸು, ಆಮ್ಯಾಲ ನನ್ನ ಹೊಸ್ತಲಾ ತುಳಿ. ಕಡದ ತಿಂದ ಟಗರ ಎಲ್ಲಿಂದ ತರ್ತಾನಲೇ ಅಂವಾ?" ಮಹಾದೇವ ಮತ್ತೆ ಮೊಬೈಲು ಎತ್ತಿಕೊಂಡ. "ಐನಾಪುರದಾಗ ಅದಾನ. ದ್ರಾಕ್ಷಿ ತ್ವಾಟದಾಗ ದುಡೀತಾನಂತ. ಇರ್ಲಿ ಬಿಡು."

ಹೇಳಿಬಿಡಬೇಕು ಎಂದು ಭಾಗ್ಯಾಳ ನಾಲಗೆಯ ತುದಿಗೆ ಬಂತು. ಆದರೆ ಹೇಳಿದರೆ ಅವನ ಅವ್ವ ಸುಳ್ಳು ಹೇಳುತ್ತಾಳೆ ಎಂದ ಹಾಗೆ. ಬಂದು ವರ್ಷ ತುಂಬದ ಸೊಸೆ, ಆರೇಳು ತಿಂಗಳಿಂದ ಮಲ ಮೂತ್ರ ಬಳಿದ ಅತ್ತೆಯ ಮೇಲೆ ಬೆರಳು ಮಾಡುವುದು ಹೇಗೆ? ತನಗೆ ತಿಳಿದದ್ದೇ ತಪ್ಪಾಗಿದ್ದರೆ? ಇಲ್ಲ, ತಪ್ಪಲ್ಲ. ಹೆಸರು ಹೇಳಿದಾಗ ಆ ಕಣ್ಣು ತುಂಬಿದ್ದನ್ನು ಅವಳು ನೋಡಿದ್ದಳು. ಸಾಯುವ ಮುಂಚೆ ತಮ್ಮನನ್ನು ನೋಡಬೇಕೆಂದು ಒಬ್ಬ ಮನುಷ್ಯ ದಿನವೂ ಬೇಡುತ್ತಿದ್ದಾನೆ, ಪಡಸಾಲೆಯ ನಡುವೆ, ಎಲ್ಲರ ಕಿವಿಗೆ ಬೀಳುವಂತೆ. ಅವನ ಕೆಳಗೆ ದಿನವೂ 'ನೀರು' ಎಂದು ಬರೆದುಹೋಗುತ್ತಿದೆ.

ಮುಂದಿನ ವಾರ ನಿಪ್ಪಾಣಿಗೆ ಕರೆದೊಯ್ದಾಗ ಡಾಕ್ಟರು ಬಿ.ಪಿ. ನೋಡಿ ಮುಖ ಗಂಟಿಕ್ಕಿದರು. ಇನ್ನೊಮ್ಮೆ ಹೊಡೆದರೆ ಉಳಿಯುವುದು ಕಷ್ಟ, ಮನಸ್ಸಿಗೆ ತ್ರಾಸ ಆಗದಂತೆ ನೋಡಿಕೊಳ್ಳಿ ಎಂದರು. ಬರುವಾಗ ಟಂಟಂ ಗಾಡಿಯಲ್ಲಿ ಮಾವನ ತಲೆ ಭಾಗ್ಯಾಳ ತೊಡೆಯ ಮೇಲಿತ್ತು. ಗಾಡಿಯ ಕುಲುಕಾಟದಲ್ಲೂ ಅವನು ಅದೇ ಮಾತು ಆಡಿದ; ಬಸವಂತನ ಹೆಸರಿನ ಆಚೆಗಿನದನ್ನು ಗಾಡಿಯ ಸದ್ದು ತಿಂದುಹಾಕಿತು. ದುಂಡವ್ವ ಹೊರಗೆ ಕಬ್ಬಿನ ಹೊಲಗಳ ಕಡೆ ನೋಡುತ್ತಾ, "ಊರ ಬಂತೇನ ಅಂತಾರ," ಎಂದಳು. ಯಾರೂ ಕೇಳಿರಲಿಲ್ಲ.

ಮರುದಿನ ಕುರಿಯ ದೊಡ್ಡಿಯ ಹಿಂದೆ ನಿಂತು ಭಾಗ್ಯಾ ಸುಜಾತಾಗೆ ಫೋನು ಮಾಡಿದಳು. ಸುಜಾತಾ ತಂದೆಗೆ ಕೊಟ್ಟಳು.

"ಯಾರವ್ವಾ?"

"ನಾನ್ರಿ ಸಣ್ಣಮಾವಾರ, ಭಾಗ್ಯಾ. ಮಹಾದೇವನ ಮನ್ಯಾಕಿ. ಮಾವಾರು ನಿಮ್ಮನ್ನ ಕರ್ಯಾಕತ್ತಾರ."

ಆ ಕಡೆ ದ್ರಾಕ್ಷಿಗೆ ಔಷಧ ಹೊಡೆಯುವ ಯಂತ್ರದ ಸದ್ದು. ಅದು ನಿಂತಿತು. "ಅಣ್ಣಾ? ಬಾಯಿ ಹೋಗೈತಿ ಅಂದ್ರಲ್ಲ?"

"ನನಗ ತಿಳೀತೈತ್ರಿ."

"ಖರೇನ ನನ್ನ ಹೆಸರ ತಗದಾನ?"

"ಖರೇ ರೀ. ದಿನಾ ತಗೀತಾರ."

ಅವನು ಯಾರಿಗೋ, ಯಂತ್ರ ಇನ್ನೂ ಹಚ್ಚಬ್ಯಾಡ ಎಂದದ್ದು ಕೇಳಿಸಿತು. ಆಮೇಲೆ, "ವೈನಿಗೆ ಗೊತ್ತೈತೇನವ್ವಾ ನೀ ಫೋನ್ ಮಾಡಿದ್ದು?" ಎಂದ. ಅವಳು ಅತ್ತೆ ಬಂದಳೇನೋ ಎಂದು ಮನೆಯ ಕಡೆ ನೋಡಿದಳು. "ಇರ್ಲಿ. ಬರ್ತೀನಿ," ಎಂದು ಇಟ್ಟ.

ಯಾವಾಗ ಎಂದು ಹೇಳಲಿಲ್ಲ. ಅಂದಿನಿಂದ ಬಸ್ಸಿನ ಹಾರ್ನು ಕೇಳಿದರೆ ಭಾಗ್ಯಾಳ ಕೈ ರೊಟ್ಟಿಯ ಮೇಲೆ ನಿಲ್ಲುತ್ತಿತ್ತು. ನಾಯಿ ಬೊಗಳಿದರೆ ಬಾಗಿಲಿಗೆ ಓಡುತ್ತಿದ್ದಳು. ರೊಟ್ಟಿ ಸೀದವು, ಹಾಲು ಉಕ್ಕಿತು. "ಏನ ಆಗೇತಿ ನಿನಗ, ಮೈಯಾಗ ಇಲ್ಲೇನ?" ಎಂದು ದುಂಡವ್ವ ಕೇಳಿದರೆ ತಲೆನೋವೆಂದಳು. ಎಷ್ಟೋ ಸಲ ಬರಬೇಡಿ ಎಂದು ಫೋನು ಮಾಡಲು ಹೋದಳು, ಮಾಡಲಿಲ್ಲ. ಬರುವುದರೊಳಗೆ ಮಾವ ಹೋಗಿಬಿಟ್ಟರೆ ಎಂಬ ಭಯ ಒಂದು, ಬಂದೇಬಿಟ್ಟರೆ ಎಂಬ ಭಯ ಇನ್ನೊಂದು.

ಬಸವಂತ ಬಂದದ್ದು ಮಹಾದೇವ ಕುರಿ ಹೊಡೆದುಕೊಂಡು ಹೋದ ಮೇಲೆ, ಎಳೆ ಬಿಸಿಲಿನಲ್ಲಿ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಒಣದ್ರಾಕ್ಷಿಯ ಪೊಟ್ಟಣ. ಅಂಗಳದಲ್ಲಿ ಚಪ್ಪಲಿ ಬಿಟ್ಟು ಹೊಸ್ತಿಲಿನ ಹೊರಗೇ ನಿಂತ. ಮುಖ ಮಾವನದೇ, ಸ್ವಲ್ಪ ಬತ್ತಿತ್ತು.

ದುಂಡವ್ವ ಅವನನ್ನು ನೋಡಿ ಗೋಡೆ ಹಿಡಿದುಕೊಂಡಳು. "ಬಾರಪ್ಪಾ," ಎನ್ನದೆ ತಿರುಗಿ ಅಡುಗೆಮನೆಗೆ ನಡೆದಳು. ಭಾಗ್ಯಾಳೂ ಹಿಂದೆಯೇ ಹೋದಳು.

"ನೀ ಕರಸಿದಿ?"

"ಮಾವಾರು ಕರದಾರ್ರಿ ಅತ್ತಿ. ದಿನಾ ಕರೀತಿದ್ರು. ನೀವಽ ಬ್ಯಾರೆ ಹೇಳ್ತಿದ್ರಿ."

ದುಂಡವ್ವ ಇಲ್ಲವೆನ್ನಲಿಲ್ಲ. "ಕರೀತಿದ್ರು. ಯಾಕ ಕರೀತಿದ್ರು, ಅದನ್ನ ಕೇಳಿಯೇನ? ಮುಂದಿನ ಮಾತ ಕೇಳಿಯೇನ?"

ಭಾಗ್ಯಾ ಬಾಯಿ ತೆರೆಯುವುದರೊಳಗೆ ಸಂತೆಯ ದಿನದ ಕೆಮ್ಮು ನೆನಪಾಯಿತು.

"ಬಸವಂತನ್ನ ಕರಸ್ರಿ, ನನ್ನ ಮಣ್ಣಿಗಿ ಬರಬ್ಯಾಡ ಅಂತ ಅವನ ಮಾರಿಗಿ ಹೇಳಬೇಕಾಗೇತಿ. ಇದು ಪೂರಾ ಮಾತು." ದುಂಡವ್ವನ ಧ್ವನಿ ಇನ್ನೂ ತಗ್ಗಿತು. "ಅವರ ಹಟಾ ನನಗ ಗೊತ್ತೈತಿ ಬೇ. ಸಾಯೂ ಮನಷ್ಯಾ ಮಾರಿ ನೋಡಿ ಆಡಿದ ಮಾತ ನಮ್ಮಾಗ ಯಾರೂ ದಾಟಂಗಿಲ್ಲ. ಒಮ್ಮಿ ಕಿವ್ಯಾಗ ಬಿತ್ತಂದ್ರ ಮುಗೀತು, ಅಂವಾ ಬರಂಗಿಲ್ಲ. ಒಡಹುಟ್ಟಿದಾವ ಒಂದ ಹಿಡಿ ಮಣ್ಣ ಹಾಕಲಾರದಽ ಮುಚ್ಚಬೇಕೇನ ನನ್ನ ಗಂಡನ್ನ? ಅದಕ್ಕ ನೀರು, ಬಿಸಲು, ಊರು ಅಂತ ಹೇಳಕೋತ ದಿನಾ ದೂಡಿದ್ನಿ."

"ಅತ್ತಿ, ನನಗ..."

"ಹೋಗು. ಈಗ ಕೇಳು."

ಹೊರಗೆ ಬಂದಾಗ ಬಸವಂತ ಹೊಸ್ತಿಲು ದಾಟಿ ಹೊರಸಿನ ಕಾಲ ಬಳಿ ನಿಂತಿದ್ದ. ಪೊಟ್ಟಣವನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಎರಡೂ ಕೈಯಲ್ಲಿ ಹಿಡಿದಿದ್ದ. "ಅಣ್ಣಾ," ಎಂದ. "ನಾ ಬಂದೀನಿ. ನಿನ್ನ ಸೊಸಿ ಫೋನ್ ಮಾಡಿದ್ಲು. ನೀ ಕರದಿ ಅಂದ್ಲು, ಬಂದ್ನಿ."

ಅಪ್ಪಾಸಾಬ ಅವನನ್ನು ಮೇಲಿಂದ ಕೆಳಗೆ ನೋಡಿದ. ಎಡಗೈ ಹೊರಸಿನ ಅಂಚು ಹಿಡಿಯಿತು. ಎದೆ ಉಬ್ಬಿತು. ಎಷ್ಟೋ ದಿನದಿಂದ ಕಾದಿಟ್ಟ ಉಸಿರು ಅದು. ಆಮೇಲೆ ಹೇಳಿದ, ತಡೆಯದೆ, ಕೆಮ್ಮದೆ, ಕೊನೆಯವರೆಗೆ. ಹಿಂದೆ ಡೊಳ್ಳಿನ ಮುಂದೆ ನಿಂತು ಎದುರು ಮೇಳಕ್ಕೆ ಸವಾಲು ಒಗೆಯುತ್ತಿದ್ದ ಹಾಗೆಯೇ ನುಡಿ ಏರಿತು, ನಿಂತಿತು, ಬಿತ್ತು.

ದೇವರ ಟಗರ ತಿಂದಾವ ನೀನು. ಅವ್ವನ್ನ ತಿಂದಾವ. ನಾ ಸತ್ತರ ನನ್ನ ಮಣ್ಣಿಗಿ ಬರಬ್ಯಾಡ. ನಿನ್ನ ಕೈ ಮಣ್ಣ ನನ್ನ ಮ್ಯಾಲ ಬೀಳಬಾರದು.

ಭಾಗ್ಯಾಳಿಗೆ ಪ್ರತಿಯೊಂದು ಮಾತೂ ತಿಳಿಯಿತು. ಇಷ್ಟು ಸ್ಪಷ್ಟವಾಗಿ ಯಾವತ್ತೂ ತಿಳಿದಿರಲಿಲ್ಲ.

ಬಸವಂತ ಅಣ್ಣನ ಬಾಯಿಯನ್ನೇ ನೋಡುತ್ತಿದ್ದ. ಅವನಿಗೆ ಕೇಳಿಸಿದ್ದು ಉದ್ದವಾದ ಒಂದು ನರಳಿಕೆ. ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದ ದುಂಡವ್ವನ ಕಡೆ ತಿರುಗಿದ. "ವೈನಿ, ಏನಂತಾನ?"

"ಆಕಿ ಕರದಾಳ, ಆಕೀಗೇ ಕೇಳು," ಎಂದಳು ದುಂಡವ್ವ. ಆದರೆ ಒಳಗೆ ಹೋಗಲಿಲ್ಲ. ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಿಕೊಂಡಳು. ತುಟಿ ಸಣ್ಣಗೆ ಅಲುಗುತ್ತಿತ್ತು, ದೇವರ ಹೆಸರು ಹೇಳುವಾಗಿನಂತೆ.

ಬಸವಂತ ಭಾಗ್ಯಾಳನ್ನು ನೋಡಿದ. "ಏನಂತಾನವ್ವಾ ನಮ್ಮಣ್ಣ?"

ಹೊರಸಿನಿಂದಲೂ ಎರಡು ಕಣ್ಣು ಅವಳನ್ನೇ ನೋಡುತ್ತಿದ್ದವು. ಆ ಕಣ್ಣುಗಳಲ್ಲಿ ಇವತ್ತು ಸಿಟ್ಟಿರಲಿಲ್ಲ. ಇವಳಿಗೆ ತಿಳಿಯುತ್ತದೆ ಎಂಬ ನಂಬಿಕೆ ಇತ್ತು. ಈ ಮನೆಯಲ್ಲಿ ತನ್ನ ಮಾತನ್ನು ತನ್ನ ಮಾತಾಗಿಯೇ ಕೇಳಿದವಳು ಇವಳೊಬ್ಬಳೇ, ಹೇಳುತ್ತಾಳೆ ಎಂಬ ನಂಬಿಕೆ. ಹೇಳುವುದು ಅವಳಿಗೆ ಕಷ್ಟವಿರಲಿಲ್ಲ, ಮಾತು ಇದ್ದ ಹಾಗೆಯೇ ನಾಲಗೆಯ ಮೇಲೆ ಸಿದ್ಧವಿತ್ತು. ಹೊರಗೆ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಹಾಡು ಹಚ್ಚಿಕೊಂಡು ಹೋಯಿತು. ಆ ಸದ್ದು ದೂರವಾಗುವ ತನಕ ಅವಳು ಕಾದಳು. ಅದು ದೂರವಾಯಿತು. ಇನ್ನು ಕಾಯಲು ಏನೂ ಉಳಿಯಲಿಲ್ಲ.

"ಚಾ ಕುಡದ ಹೋಗು ಅಂತಾರ್ರಿ," ಎಂದಳು.

ಹೊರಸಿನ ಚೌಕಟ್ಟಿನ ಮೇಲೆ ಬಡಿತ ಬೀಳುತ್ತದೆಂದು ಭಾಗ್ಯಾ ಮೈ ಬಿಗಿ ಹಿಡಿದಳು. ಬೀಳಲಿಲ್ಲ. ಅಪ್ಪಾಸಾಬ ಅವಳನ್ನು ನೋಡುತ್ತಲೇ ಇದ್ದ. ಮುಖದ ಸರಿಯಿದ್ದ ಅರ್ಧ ನಿಧಾನವಾಗಿ ಸಡಿಲಾಗಿ, ಬಿದ್ದ ಅರ್ಧದ ಹಾಗೆಯೇ ಆಯಿತು.

"ಇಷ್ಟ ಅಂದ್ನೇನ?" ಎಂದ ಬಸವಂತ. "ಭಾಳ ಹೊತ್ತ ಮಾತಾಡಿದ್ನಲ್ಲ."

"ಇಷ್ಟಽ ರೀ."

ಬಸವಂತ ಅವಳ ಮುಖವನ್ನು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಪೊಟ್ಟಣವನ್ನು ಅಣ್ಣನ ದಿಂಬಿನ ಹತ್ತಿರ ಇಟ್ಟು, ಕಂಬಳಿಯನ್ನು ಮಡಚಿ ಹಾಸಿ, ಹೊರಸಿಗೆ ತಾಗಿದಂತೆ ನೆಲದ ಮೇಲೆ ಕೂತ. "ಹಂಗಂದ್ರ ಕುಡದಽ ಹೋಗ್ತೀನಿ," ಎಂದ, ಯಾರಿಗೆಂದು ತಿಳಿಯದ ಹಾಗೆ.

ಒಳಗೆ ಪಾತ್ರೆಯ ಸದ್ದಾಯಿತು. ದುಂಡವ್ವ ಒಲೆ ಹಚ್ಚಿದ್ದಳು. ಚಹಾ ತಂದವಳೂ ಅವಳೇ. ಕಪ್ಪು ಬಶಿಯನ್ನು ಮೈದುನನ ಮುಂದೆ ಇಟ್ಟು, ಬಂದು ಸೊಸೆಯ ಪಕ್ಕದಲ್ಲಿ ಗೋಡೆಗೆ ಒರಗಿ ಕೂತಳು. ಭುಜಕ್ಕೆ ಭುಜ ತಾಗಿತು. ಇಬ್ಬರೂ ಸರಿಯಲಿಲ್ಲ. ಅಪ್ಪಾಸಾಬ ಕಣ್ಣು ಮುಚ್ಚಿದ್ದ; ನಿದ್ದೆ ಬಂದಿರಲಿಲ್ಲ, ಉಸಿರಿನಿಂದ ಗೊತ್ತಾಗುತ್ತಿತ್ತು.

ಬಸವಂತ ಚಹಾವನ್ನು ಬಶಿಗೆ ಸುರಿದುಕೊಂಡು ಊದಿದ. ಒಂದು ಗುಟುಕು ಕುಡಿದು ಮತ್ತೆ ಊದಿದ. ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂತು. ಚಹಾ ಆಗಲೇ ಆರಿ ಮೇಲೆ ಕೆನೆಗಟ್ಟಿತ್ತು. ಅವನು ಬಶಿಯನ್ನು ಎರಡೂ ಕೈಯಲ್ಲಿ ಹಿಡಿದು ಊದುತ್ತಲೇ ಇದ್ದ.